ಸೆಪ್ಟಿಕ್ ಟ್ಯಾಂಕನ್ನು ಖಾಲಿ ಮಾಡಿಸಬೇಕಾದದ್ದು ಯಾವಾಗ, ಹೇಗೆ

ಸೆಪ್ಟಿಕ್ ಟ್ಯಾಂಕು ಸದಾ ತುಂಬಿಯೇ ಇರುತ್ತದೆ. ಬಳಕೆ ಶುರುವಾದ ಸ್ವಲ್ಪ ಕಾಲದಲ್ಲೇ ಅದರ ನೀರು ಹೊರಹೋಗುವ ಕೊಳವೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಮನೆಯಿಂದ ಒಂದು ಬಕೆಟ್ ನೀರು ಒಳಗೆ ಬಂದರೆ ಅಷ್ಟೇ ನೀರು ಇನ್ನೊಂದು ತುದಿಯಿಂದ ಇಂಗುಗುಂಡಿಗೆ ಹೋಗುತ್ತದೆ. ಆದ್ದರಿಂದ ಮುಚ್ಚಳ ತೆಗೆದಾಗ ನೀರು ಮೇಲ್ಮಟ್ಟದಲ್ಲಿ ಕಂಡರೆ ಗಾಬರಿಪಡುವ ಅಗತ್ಯವಿಲ್ಲ. ಹಾಗೆಯೇ, ಇನ್ನೂ ಉಕ್ಕಿಲ್ಲವೆಂಬ ಕಾರಣಕ್ಕೆ ವರ್ಷಗಟ್ಟಲೆ ನೆಮ್ಮದಿಯಾಗಿ ಕುಳಿತಿರುವುದೂ ಸರಿಯಲ್ಲ. ಖಾಲಿ ಮಾಡಿಸುವ ಕಾಲವನ್ನು ನಿರ್ಧರಿಸುವುದು ಮೇಲಿನ ನೀರಲ್ಲ, ತಳದಲ್ಲಿ ಕೂತಿರುವ ಹೂಳು.

ಟ್ಯಾಂಕಿನೊಳಗೆ ನಡೆಯುವುದು ಸರಳವಾದ ಕೆಲಸ. ಭಾರವಾದದ್ದು ತಳಕ್ಕೆ ಇಳಿದು ಹೂಳಾಗುತ್ತದೆ, ಎಣ್ಣೆ ಜಿಡ್ಡು ಸೋಪಿನ ಅಂಶ ಮೇಲೆ ತೇಲಿ ದಪ್ಪ ಪದರವಾಗುತ್ತದೆ, ಇವೆರಡರ ನಡುವಿನ ಸ್ವಲ್ಪ ತಿಳಿಯಾದ ನೀರು ಮಾತ್ರ ಹೊರಗೆ ಹೋಗುತ್ತದೆ. ಗಾಳಿ ಇಲ್ಲದೆಡೆ ಬದುಕುವ ಸೂಕ್ಷ್ಮಜೀವಿಗಳು ಹೂಳಿನ ಒಂದು ಭಾಗವನ್ನು ಕರಗಿಸಿ ಅನಿಲವಾಗಿಸುತ್ತವೆ, ಆದರೆ ಪೂರ್ತಿಯಾಗಿ ಕರಗಿಸಲಾರವು. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಇಂಥ ತೊಟ್ಟಿಯನ್ನು ಕಟ್ಟಿದ ಲೂಯಿ ಮೂರಾಸ್ ಅದನ್ನು ಎಷ್ಟೋ ವರ್ಷಗಳ ಮೇಲೆ ತೆರೆಸಿದಾಗ ಒಳಗೆ ಗಟ್ಟಿ ಪದಾರ್ಥ ಬಹಳ ಕಡಿಮೆ ಇದ್ದುದನ್ನು ಕಂಡು ಬೆರಗಾದನಂತೆ. ನಮ್ಮದು ತಾನಾಗಿಯೇ ಕರಗುವ ಟ್ಯಾಂಕು, ಖಾಲಿ ಮಾಡಿಸಬೇಕಾಗಿಯೇ ಇಲ್ಲ ಎಂದು ಹೇಳುವವರು ಇಂದಿಗೂ ಸಿಗುತ್ತಾರೆ. ಅಂಥ ಮನೆಗಳಲ್ಲಿ ಹೂಳು ಕರಗಿರುವುದಿಲ್ಲ. ಸದ್ದಿಲ್ಲದೆ ಇಂಗುಗುಂಡಿಗೆ ಸಾಗಿರುತ್ತದೆ. ತಳದ ಹೂಳು ಏರಿದಷ್ಟೂ ನೀರು ತಂಗುವ ಜಾಗ ಕುಗ್ಗುತ್ತದೆ, ತಿಳಿಯಾಗಲು ಬೇಕಾದ ಒಂದೆರಡು ದಿನದ ಬಿಡುವು ಸಿಗದೆ ನೀರು ಕಶ್ಮಲವನ್ನು ಹೊತ್ತುಕೊಂಡೇ ಹೊರಡುತ್ತದೆ, ಇಂಗುಗುಂಡಿಯ ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ. ಟ್ಯಾಂಕನ್ನು ಅರ್ಧ ದಿನದಲ್ಲಿ ಖಾಲಿ ಮಾಡಿಸಬಹುದು, ಆದರೆ ಕಟ್ಟಿಹೋದ ಇಂಗುಗುಂಡಿಗೆ ಬಹುಪಾಲು ಹೊಸದನ್ನು ತೋಡಿಸುವುದೊಂದೇ ದಾರಿ, ಅದಕ್ಕೆ ಬೇಕಾದ ಜಾಗ ಎಲ್ಲ ಮನೆಗಳಲ್ಲೂ ಉಳಿದಿರುವುದಿಲ್ಲ.

ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಿದರೆ ಮೂರರಿಂದ ಐದು ವರ್ಷ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ. ಅದು ಸ್ಥೂಲವಾದ ಲೆಕ್ಕ. ಸುಮಾರು 3,800 ಲೀಟರಿನ ಟ್ಯಾಂಕನ್ನು ಇಬ್ಬರೇ ಬಳಸಿದರೆ ಆರು ವರ್ಷದವರೆಗೂ ತಡೆದುಕೊಳ್ಳಬಹುದು, ನಾಲ್ವರಿದ್ದರೆ ಎರಡೂವರೆ ವರ್ಷಕ್ಕೆ, ಆರು ಜನರಿದ್ದರೆ ಒಂದೂವರೆ ವರ್ಷಕ್ಕೇ ಖಾಲಿ ಮಾಡಿಸಬೇಕಾಗುತ್ತದೆ. ಜನ ಎರಡರಷ್ಟಾದರೆ ಅವಧಿ ಅರ್ಧಕ್ಕಿಂತಲೂ ಕಡಿಮೆಯಾಗುವುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಹೂಳು ಹೆಚ್ಚುವುದರ ಜೊತೆಗೆ ನೀರಿನ ಹರಿವೂ ಹೆಚ್ಚುತ್ತದೆ. ಮನೆಯಲ್ಲಿ ಬಾಡಿಗೆಗೆ ಜನ ಸೇರಿದಾಗ, ಮಹಡಿ ಏರಿಸಿದಾಗ, ಮಕ್ಕಳು ಸಂಸಾರ ಸಮೇತ ವಾಪಸ್ಸು ಬಂದಾಗ ಹಳೆಯ ಲೆಕ್ಕವನ್ನು ಬಿಟ್ಟು ಹೊಸದಾಗಿ ಅಳೆಯುವುದು ಒಳ್ಳೆಯದು.

ಅಳೆಯುವುದು ಕಷ್ಟದ ಕೆಲಸವೇನಲ್ಲ, ಆದರೂ ಮಾಡುವವರು ಅಪರೂಪ. ಟ್ಯಾಂಕಿನ ಆಳಕ್ಕಿಂತ ಉದ್ದವಾದ ಗಳವೊಂದರ ಕೆಳಭಾಗಕ್ಕೆ ಸುಮಾರು ಒಂದು ಮೀಟರಿನಷ್ಟು ಎತ್ತರಕ್ಕೆ ಹಳೆಯ ಬಿಳಿ ಟವೆಲ್ ಸುತ್ತಿ ಬಿಗಿಯಾಗಿ ಕಟ್ಟಿ, ಮೇಲಿನ ಜಿಡ್ಡಿನ ಪದರವನ್ನು ಬದಿಗೆ ಸರಿಸಿ, ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಿ, ಕೆಲವು ನಿಮಿಷ ಹಾಗೆಯೇ ಹಿಡಿದಿದ್ದು ಮೆಲ್ಲನೆ ಎತ್ತಿದರೆ, ಬಟ್ಟೆಯಲ್ಲಿ ಕಪ್ಪು ಬಣ್ಣ ಎಲ್ಲಿಯವರೆಗೆ ಹತ್ತಿದೆಯೋ ಅಷ್ಟು ಹೂಳಿದೆ ಎಂದು ತಿಳಿಯಬಹುದು. ತೇಲುವ ಪದರದ ದಪ್ಪ ನೋಡಲು ಇನ್ನೊಂದು ಕೋಲಿನ ತುದಿಗೆ ಅಡ್ಡವಾಗಿ ಸಣ್ಣ ಹಲಗೆಯ ತುಂಡನ್ನು ಮೊಳೆ ಹೊಡೆದು, ಪದರವನ್ನು ಭೇದಿಸಿ ಕೆಳಗಿಳಿಸಿ, ಮೇಲಕ್ಕೆಳೆಯುವಾಗ ಎಲ್ಲಿ ತಡೆ ಸಿಗುತ್ತದೆಯೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ಹೊರಹೋಗುವ ಕಡೆಯಲ್ಲಿ ಟಿ ಆಕಾರದ ಕೊಳವೆಯೊಂದು ನೀರಿನೊಳಕ್ಕೆ ಇಳಿದಿರುತ್ತದೆ. ಹೂಳಿನ ಮೇಲ್ಭಾಗ ಅದರ ಕೆಳತುದಿಗೆ 30 ಸೆಂಟಿಮೀಟರಿನಷ್ಟು ಸಮೀಪಕ್ಕೆ, ಅಥವಾ ಜಿಡ್ಡಿನ ಪದರದ ತಳ 15 ಸೆಂಟಿಮೀಟರಿನಷ್ಟು ಸಮೀಪಕ್ಕೆ ಬಂದಿದ್ದರೆ ಇನ್ನು ಕಾಯಬಾರದು. ಇಷ್ಟೆಲ್ಲ ಬೇಡವೆನ್ನುವವರು ಹೂಳು ಮತ್ತು ಜಿಡ್ಡು ಸೇರಿ ನೀರಿನ ಒಟ್ಟು ಆಳದ ಮೂರನೇ ಒಂದು ಭಾಗವಾಗುವುದನ್ನೇ ಮಿತಿಯೆಂದು ಇಟ್ಟುಕೊಂಡರೂ ಸಾಕು. ವರ್ಷಕ್ಕೊಮ್ಮೆ ಹೀಗೆ ನೋಡುತ್ತ ಹೋದರೆ ಒಂದೆರಡು ಸಲದಲ್ಲೇ ನಿಮ್ಮ ಮನೆಯ ನಡೆ ಯಾವ ಬಗೆಯದೆಂಬುದು ಗೊತ್ತಾಗುತ್ತದೆ.

ಮುಚ್ಚಳ ತೆಗೆಯುವ ವಿಷಯದಲ್ಲಿ ಮಾತ್ರ ನಾನು ಯಾರ ಧೈರ್ಯವನ್ನೂ ಮೆಚ್ಚುವುದಿಲ್ಲ. ಒಳಗಿರುವ ಮೀಥೇನ್ ಬೆಂಕಿ ಹತ್ತಿಕೊಳ್ಳುವ ಅನಿಲ. ಹೈಡ್ರೋಜನ್ ಸಲ್ಫೈಡ್ ವಿಷ. ಕೊಳೆತ ಮೊಟ್ಟೆಯ ವಾಸನೆಯ ಈ ವಿಷಾನಿಲ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ತಿಳಿಯದಂತಾಗುತ್ತದೆ, ಹಾಗಾಗಿ ವಾಸನೆ ಇಲ್ಲವೆಂದರೆ ಅಪಾಯವಿಲ್ಲ ಎಂದು ಭಾವಿಸುವುದು ದೊಡ್ಡ ತಪ್ಪು. ಬೀಡಿ, ಸಿಗರೇಟು, ದೀಪ ಯಾವುದೂ ಹತ್ತಿರ ಸುಳಿಯಬಾರದು. ತೆರೆದ ಬಾಯಿಯ ಮೇಲೆ ಮುಖ ಬಗ್ಗಿಸಬಾರದು, ಒಬ್ಬರೇ ಕೆಲಸಕ್ಕೆ ಇಳಿಯಬಾರದು, ಮಕ್ಕಳನ್ನು ದೂರವಿಡಬೇಕು. ಯಾವ ಕಾರಣಕ್ಕೂ ಮನುಷ್ಯರು ಟ್ಯಾಂಕಿನೊಳಗೆ ಇಳಿಯಕೂಡದು, ಹಣ ಕೊಟ್ಟು ಇನ್ನೊಬ್ಬರನ್ನು ಇಳಿಸಲೂ ಕೂಡದು. ಒಳಗೆ ಬಿದ್ದವರನ್ನು ಎತ್ತಲು ಹಾಗೆಯೇ ಹಾರಿದ ಎರಡನೆಯವರು, ಮೂರನೆಯವರು ಕೂಡ ಪ್ರಾಣ ಬಿಟ್ಟ ಘಟನೆಗಳು ಬಹಳ. ಅಂಥ ಸಂದರ್ಭದಲ್ಲಿ ಹೊರಗೇ ನಿಂತು ಉಸಿರಾಟದ ಸಲಕರಣೆ ಇರುವ ಅಗ್ನಿಶಾಮಕ ದಳವನ್ನು ಕರೆಯುವುದೇ ನಿಜವಾದ ಸಹಾಯ. ಬಿರುಕು ಬಿಟ್ಟ ಚಪ್ಪಡಿಯನ್ನು ಅದೇ ದಿನ ಬದಲಿಸಿ.

ಖಾಲಿ ಮಾಡಿಸುವ ದಿನ ಮನೆಯವರೊಬ್ಬರು ಹತ್ತಿರ ಇರಬೇಕು. ಹೀರುವ ಪೈಪನ್ನು ಪರೀಕ್ಷೆಗೆಂದು ಬಿಟ್ಟ ಸಣ್ಣ ತೂತಿನಿಂದ ಇಳಿಸಿದರೆ ಮೇಲಿನ ನೀರು ಹೋಗಿ ಹೂಳು ಅಲ್ಲೇ ಉಳಿಯುತ್ತದೆ, ಒಳಗಿನ ಟಿ ಕೊಳವೆ ಮುರಿಯುವ ಸಾಧ್ಯತೆಯೂ ಉಂಟು. ದೊಡ್ಡ ಮುಚ್ಚಳವನ್ನೇ ತೆಗೆಸಿ, ಟ್ಯಾಂಕಿಗೆ ಎರಡು ಕೋಣೆಗಳಿದ್ದರೆ ಎರಡನ್ನೂ ಖಾಲಿ ಮಾಡಿಸಿ. ಗಟ್ಟಿಯಾದ ಹೂಳನ್ನು ಹೀರಿದ ನೀರಿನಿಂದಲೇ ಮತ್ತೆ ಕದಡಿ ಎಳೆಯುವುದು ಅನುಭವಸ್ಥರ ರೀತಿ. ಹತ್ತೇ ನಿಮಿಷದಲ್ಲಿ ಮುಗಿಯಿತು ಎನ್ನುವವರನ್ನು ಕೋಲಿನಿಂದ ತಳ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹೀರಲು ಶುರು ಮಾಡುವ ಮೊದಲು ನೀರಿನ ಮಟ್ಟವನ್ನು ಗಮನಿಸಿ: ಹೊರಕೊಳವೆಗಿಂತ ಮೇಲಿದ್ದರೆ ಮುಂದೆಲ್ಲೋ ಕಟ್ಟಿದೆ, ಕೆಳಗಿದ್ದರೆ ಟ್ಯಾಂಕು ಸೋರುತ್ತಿದೆ. ಖಾಲಿಯಾಗುತ್ತಿದ್ದಂತೆ ಇಂಗುಗುಂಡಿಯ ಕಡೆಯಿಂದ ನೀರು ಹಿಂದಕ್ಕೆ ಸುರಿಯತೊಡಗಿದರೆ ಇಂಗುಗುಂಡಿ ನೀರು ಕುಡಿಯುತ್ತಿಲ್ಲ ಎಂದೇ ಅರ್ಥ, ಆಗ ಟ್ಯಾಂಕನ್ನು ಎಷ್ಟು ಸಲ ಖಾಲಿ ಮಾಡಿಸಿದರೂ ಪ್ರಯೋಜನ ಕಡಿಮೆ. ಹೊರಗಿನಿಂದಲೇ ಟಾರ್ಚ್ ಬಿಟ್ಟು ಗೋಡೆಯ ಬಿರುಕು, ಟಿ ಕೊಳವೆಯ ಸ್ಥಿತಿ ನೋಡಿಸಿ. ಹೊರಕೊಳವೆಗೆ ಜಾಲರಿಯಂಥ ಫಿಲ್ಟರ್ ಇದ್ದರೆ ಅದನ್ನೂ ಆಗಲೇ ತೊಳೆಸಿ, ತೊಳೆದ ನೀರು ಟ್ಯಾಂಕಿಗೇ ಬೀಳಲಿ. ಗೋಡೆಯನ್ನು ಉಜ್ಜಿ ತೊಳೆಯುವುದು, ಆಸಿಡ್ ಹಾಕುವುದು ವ್ಯರ್ಥ. ಬೀಜಕ್ಕೆಂದು ಸ್ವಲ್ಪ ಹೂಳನ್ನು ಬಿಡಬೇಕು ಎಂಬ ಮಾತಿಗೂ ಆಧಾರವಿಲ್ಲ. ಬೇಕಾದ ಸೂಕ್ಷ್ಮಜೀವಿಗಳು ಮರುದಿನದ ಮಲದೊಂದಿಗೇ ಬರುತ್ತವೆ.

ಭಾರಿ ಮಳೆ ಸುರಿದು ನೆಲ ನೀರು ಕುಡಿದು ನಿಂತಿರುವ ಹೊತ್ತಿನಲ್ಲಿ ಮಾತ್ರ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಬಾರದು. ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಖಾಲಿ ಟ್ಯಾಂಕು, ಅದರಲ್ಲೂ ಪ್ಲಾಸ್ಟಿಕ್ ಅಥವಾ ಫೈಬರಿನದು, ದೋಣಿಯಂತೆ ಮೇಲಕ್ಕೆದ್ದು ಕೊಳವೆಗಳನ್ನು ಮುರಿದುಬಿಡುತ್ತದೆ. ನೆಲ ಒಣಗಿದ ಮೇಲೆ ಮಾಡಿಸಿ. ತಗ್ಗು ಪ್ರದೇಶವಾಗಿದ್ದರೆ ಖಾಲಿ ಮಾಡಿದ ಕೂಡಲೇ ನೀರು ತುಂಬಿಸಿ. ಹೀರಿದ ಮಲವನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳಿ ಶುದ್ಧೀಕರಣ ಘಟಕದ ಹೆಸರಿರುವ ರಸೀದಿ ಪಡೆಯಿರಿ. ಕತ್ತಲಾದ ಮೇಲೆ ಹಳ್ಳಕ್ಕೆ ಬಿಡುವವರೂ ಇದ್ದಾರೆ, ಜಂತುಹುಳದ ಮೊಟ್ಟೆಗಳು ಅಂಥ ಹೂಳಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಎರಡು ಸಲ ಖಾಲಿ ಮಾಡಿಸುವುದರ ನಡುವಿನ ಅವಧಿಯನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ನಮ್ಮ ನಿತ್ಯದ ಬಳಕೆ. ಅಡುಗೆಯ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಸ್ಯಾನಿಟರಿ ಪ್ಯಾಡ್, ಹತ್ತಿ, ಮಕ್ಕಳ ಡೈಪರ್ ಕಮೋಡಿಗೆ ಹೋಗಬಾರದು. ಫ್ಲಶ್ ಮಾಡಬಹುದೆಂದು ಪೊಟ್ಟಣದ ಮೇಲೆ ಬರೆದ ಒದ್ದೆ ಟಿಶ್ಯೂಗಳೂ ಟ್ಯಾಂಕಿನಲ್ಲಿ ಬೇಗ ಕರಗುವುದಿಲ್ಲ. ಬಣ್ಣ, ತಿನ್ನರ್, ಉಳಿದ ಔಷಧಿಗಳಿಗೂ ಇದೇ ಮಾತು. ಬಾತ್‌ರೂಮ್ ತೊಳೆಯಲು ಹಿತಮಿತವಾಗಿ ಬಳಸುವ ಸೋಪು, ಬ್ಲೀಚಿನಿಂದ ಟ್ಯಾಂಕು ಕೆಡುವುದಿಲ್ಲ, ಬಾಟಲಿಗಟ್ಟಲೆ ಸುರಿದರೆ ಕೆಡುತ್ತದೆ. ಹೂಳನ್ನು ಕರಗಿಸುತ್ತೇವೆಂದು ಮಾರುವ ಪುಡಿ, ದ್ರಾವಣಗಳಿಗೆ ದುಡ್ಡು ಹಾಕಬೇಡಿ. ಅವು ಖಾಲಿ ಮಾಡಿಸುವ ಖರ್ಚನ್ನು ಉಳಿಸಿಕೊಡುವುದಿಲ್ಲ, ರಾಸಾಯನಿಕ ದ್ರಾವಕಗಳಿದ್ದರಂತೂ ಅವು ಮಣ್ಣನ್ನೂ ಅಂತರ್ಜಲವನ್ನೂ ಕೆಡಿಸುತ್ತವೆ.

ನೀರಿನ ಮಾತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಫ್ಲಶ್ ತೊಟ್ಟಿಯಲ್ಲಿ ಸದ್ದಿಲ್ಲದ ಸೋರಿಕೆ ಇದ್ದರೆ ದಿನಕ್ಕೆ ನೂರಾರು ಲೀಟರ್ ನೀರು ಟ್ಯಾಂಕನ್ನು ಕದಡುತ್ತ ಹೋಗಬಹುದು. ತೊಟ್ಟಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಸ್ವಲ್ಪ ಹೊತ್ತು ಬಿಟ್ಟಾಗ ಕಮೋಡಿನಲ್ಲಿ ಬಣ್ಣ ಕಂಡರೆ ಸೋರಿಕೆ ಖಚಿತ. ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಮೆಷಿನ್ನಿಗೆ ಹಾಕುವ ಬದಲು ಹಂಚಿಕೊಂಡು ಒಗೆಯಿರಿ. ತಾರಸಿಯ ಮಳೆನೀರು ಎಂದೂ ಟ್ಯಾಂಕಿಗೆ ಸೇರಬಾರದು. ಇಂಗುಗುಂಡಿಯ ಮೇಲೆ ವಾಹನ ನಿಲ್ಲಿಸಬೇಡಿ, ಹತ್ತಿರದಲ್ಲಿ ದೊಡ್ಡ ಮರ ನೆಡಬೇಡಿ, ಕುಡಿಯುವ ನೀರಿನ ಬಾವಿಯಿಂದ ಅದು ಕಡಿಮೆಯೆಂದರೂ 15 ಮೀಟರ್ ದೂರವಿರಲಿ, ಬಿರುಕು ಬಂಡೆಯ ನೆಲವಾದರೆ ಇನ್ನೂ ದೂರ. ಗಾಳಿಕೊಳವೆಯ ತುದಿಯ ಸೊಳ್ಳೆಪರದೆ ಹರಿದಿದ್ದರೆ ಬದಲಿಸಿ. ಬಚ್ಚಲ ನೀರು ನಿಧಾನವಾಗಿ ಇಳಿಯುವುದು, ಕಮೋಡ್ ಗುಳುಗುಳು ಎನ್ನುವುದು, ಇಂಗುಗುಂಡಿಯ ಮೇಲೆ ಮಾತ್ರ ಹುಲ್ಲು ಹಚ್ಚಹಸಿರಾಗಿ ನೆಲ ಜವುಗಾಗುವುದು ಕಂಡಾಗ ವಾರಗಟ್ಟಲೆ ತಡಮಾಡಬೇಡಿ.

ಇನ್ನು ಲೆಕ್ಕದ ಪುಸ್ತಕ. ಮನೆಯ ಗೋಡೆಯಿಂದ ಮುಚ್ಚಳಕ್ಕೆ ಎಷ್ಟು ದೂರ, ಇಂಗುಗುಂಡಿ ಯಾವ ದಿಕ್ಕಿಗೆ, ಟ್ಯಾಂಕಿನ ಅಳತೆ ಏನು ಎಂಬುದನ್ನು ನಕ್ಷೆಯಾಗಿ ಬರೆದಿಡಿ; ಖಾಲಿ ಮಾಡಿಸಿದ ದಿನಾಂಕ, ಅಂದು ಕಂಡ ಹೂಳಿನ ಆಳ, ರಿಪೇರಿ ಮಾಡಿಸಿದ್ದು, ರಸೀದಿ ಎಲ್ಲವೂ ಅದರೊಂದಿಗೇ ಇರಲಿ. ಮನೆಯನ್ನು ಬಾಡಿಗೆಗೆ ಕೊಡುವಾಗ ಆ ನಕ್ಷೆಯ ಒಂದು ಪ್ರತಿಯನ್ನು ಬಾಡಿಗೆದಾರರಿಗೂ ಕೊಡಿ, ಟ್ಯಾಂಕಿನ ಮುಚ್ಚಳದ ಮೇಲೆ ಅವರು ಕಾರು ನಿಲ್ಲಿಸುವ ಮೊದಲೇ.