ಭಾರವಾದ ಹಳೆಯ ಹಾಯಿದೋಣಿಯನ್ನು ಕೊಳ್ಳುವ ಮುನ್ನ

ದೂರದ ಕಡಲಯಾನಕ್ಕೆಂದು ಭಾರವಾದ ಹಳೆಯ ಹಾಯಿದೋಣಿಯನ್ನು ಕೊಳ್ಳುವವರು ಅದರ ದಪ್ಪನೆಯ ಫೈಬರ್‌ಗ್ಲಾಸ್ ಒಡಲನ್ನು ಕಂಡು ನಿಶ್ಚಿಂತರಾಗುತ್ತಾರೆ; ಆದರೆ ದೊಡ್ಡ ಖರ್ಚು ಹೆಚ್ಚಾಗಿ ಅಡಗಿರುವುದು ಡೆಕ್ಕಿನಲ್ಲಿ, ಅಂದರೆ ಒಡಲಿನ ಮೇಲೆ ನಾವು ಓಡಾಡುವ ಹಾಸಿನಲ್ಲಿ. ಅದರ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್ ಇದ್ದರೆ, ಬೋಲ್ಟಿನ ತೂತುಗಳಿಂದ ಇಳಿದ ನೀರು ಮರವನ್ನು ಒಳಗೊಳಗೇ ಕೊಳೆಸಿರಬಹುದು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅಂಗೈಯಗಲದ ಅಂತರದಲ್ಲಿ ತಟ್ಟುತ್ತಾ ಹೋಗಿ: ಗಟ್ಟಿ ಜಾಗದ ಸದ್ದು ಚುರುಕಾಗಿರುತ್ತದೆ, ಕೊಳೆತದ್ದು ಮಂಕಾಗಿ ‘ದಬ್’ ಎನ್ನುತ್ತದೆ. ಹಾಯಿಕಂಬದ ತಂತಿಗಳನ್ನು ಒಡಲಿಗೆ ಬಿಗಿಯುವ ಉಕ್ಕಿನ ಪಟ್ಟಿಗಳು ಡೆಕ್ಕನ್ನು ದಾಟುವಲ್ಲಿ ಕಂದು ಕಲೆ ಕಂಡರೆ, ಒಂದನ್ನಾದರೂ ಬಿಚ್ಚಿ ತೋರಿಸುವಂತೆ ಕೇಳಿ. ಸ್ಟೇನ್‌ಲೆಸ್ ಉಕ್ಕು ಸವೆದು ಬಿರುಕುಬಿಡುವುದು ಗಾಳಿಯಾಡದ ಇಂಥ ತೇವದಲ್ಲೇ. 10–15 ವರ್ಷ ದಾಟಿದ ತಂತಿಗಳಿದ್ದರೆ, ಬದಲಿಸುವ ವೆಚ್ಚವನ್ನು ಕಳೆದೇ ಬೆಲೆ ಮಾತಾಡಿ. ಹೊಸ ಬಣ್ಣ, ಹೊಸ ಹಾಸುಗಳಿಗೆ ನಾನಂತೂ ಕವಡೆ ಕಾಸಿನ ಬೆಲೆಯನ್ನೂ ಕೊಡುವುದಿಲ್ಲ. ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ಹೊಗೆ ನೋಡಿ.