ಬಸುರಿಯ ಟೆನ್ಷನ್ ಇಳಿಸುವುದು ಹೇಗೆ?

‘ಟೆನ್ಷನ್ ಮಾಡ್ಕೋಬೇಡಮ್ಮ, ಮಗುವಿಗೆ ತೊಂದರೆ ಆಗುತ್ತೆ.’ ಬಸುರಿ ಹೆಣ್ಣುಮಗಳ ಕಿವಿಗೆ ಈ ಮಾತು ಮತ್ತೆ ಮತ್ತೆ ಬೀಳುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿದವಳಿಗೆ ಇದ್ದ ಚಿಂತೆಯ ಜೊತೆ ಇನ್ನೊಂದು ಅಂಟಿಕೊಳ್ಳುತ್ತದೆ. ಇಷ್ಟು ದಿನ ಚಿಂತೆ ಮಾಡಿದೆನಲ್ಲ, ಮಗುವಿಗೆ ಏನಾದರೂ ಆಗಿರಬಹುದಾ?

ಮೊದಲು ಈ ಭಯ ಹೋಗಬೇಕು. ಮನೆಯಲ್ಲಿ ಒಂದು ಮಾತು ಬಂತು, ಸ್ಕ್ಯಾನಿಂಗ್‌ನ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಸುಮ್ಸುಮ್ನೆ ಅಳು ಬಂತು. ಇಂಥ ದಿನನಿತ್ಯದ ಕಳವಳಕ್ಕೆಲ್ಲ ಮಗುವಿಗೆ ಏಟು ಬೀಳುವುದಿಲ್ಲ. ತೀವ್ರ ಆತಂಕ ಅಥವಾ ಖಿನ್ನತೆ ವಾರಗಟ್ಟಲೆ ಕಾಡಿ, ಅದಕ್ಕೆ ಚಿಕಿತ್ಸೆಯೂ ಸಿಗದಿದ್ದಾಗ ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು ಮುಂತಾದ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಯಾವುದನ್ನು ಮನೆಯಲ್ಲೇ ಇಳಿಸಿಕೊಳ್ಳಬಹುದು, ಯಾವುದಕ್ಕೆ ವೈದ್ಯರು ಬೇಕು ಎಂಬುದು ಗೊತ್ತಿದ್ದರೆ ಅರ್ಧ ಭಾರ ಇಳಿದಂತೆ.

ಉಸಿರಿನಿಂದ ಶುರು ಮಾಡಿ

ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಎದೆಬಡಿತ ತುಸು ತಗ್ಗುತ್ತದೆ. ಆತಂಕದಲ್ಲಿ ನಡೆಯುವುದು ಇದರ ಉಲ್ಟಾ. ಅದಕ್ಕೇ ಈ ಅಭ್ಯಾಸದಲ್ಲಿ ಒಳಗೆಳೆಯುವುದಕ್ಕಿಂತ ಹೊರಬಿಡುವುದು ಮುಖ್ಯ.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ. ಪಾದಗಳು ನೆಲ ಮುಟ್ಟಲಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇರಲಿ. ಮನಸ್ಸಿನಲ್ಲೇ 4 ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ. 6 ಎಣಿಸುತ್ತಾ ಮೆಲ್ಲಗೆ ಬಿಡಿ. ಬಿಡುವಾಗ ಭುಜವೂ ದವಡೆಯೂ ಸಡಿಲವಾಗಲಿ. ಐದು ನಿಮಿಷ ಸಾಕು. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ.

ಬಸಿರಿನಲ್ಲಿ ಹಾರ್ಮೋನಿನ ಬದಲಾವಣೆಯಿಂದ ಬೇಗ ಏದುಸಿರು ಬರುವುದು ಸಾಮಾನ್ಯ. 6ರವರೆಗೆ ಎಣಿಸಲು ಆಗದಿದ್ದರೆ 3 ಎಣಿಸಿ ಎಳೆದು, 4 ಎಣಿಸಿ ಬಿಡಿ. ಉಸಿರನ್ನು ಬಿಗಿಹಿಡಿಯುವುದು ಮಾತ್ರ ಬೇಡ. ಮೊದಲಿನಿಂದ ಯೋಗ ಮಾಡುತ್ತಿದ್ದವರು ಕೂಡ ಕಪಾಲಭಾತಿ, ಭಸ್ತ್ರಿಕಾ, ಕುಂಭಕಗಳನ್ನು ಈ ತಿಂಗಳುಗಳಲ್ಲಿ ಬಿಡಬೇಕು.

ಬಿಗಿ ಮಾಡಿ, ಬಿಡಿ

ಆತಂಕ ಮೈಯಲ್ಲಿ ಕೂತಿರುತ್ತದೆ. ಎಷ್ಟೋ ಸಲ ಹಲ್ಲು ಕಚ್ಚಿ ಹಿಡಿದಿರುವುದೇ ನಮಗೆ ಗೊತ್ತಾಗುವುದಿಲ್ಲ ಅಲ್ವಾ? ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ ಬಿಟ್ಟರೆ, ಸಡಿಲವಾಗುವುದು ಎಂದರೇನು ಎಂಬುದು ಮೈಗೇ ಅರ್ಥವಾಗುತ್ತದೆ.

ಎಡ ಮಗ್ಗುಲಿಗೆ ಮಲಗಿ. ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಬೆಡ್‌ಶೀಟ್ ಇಡಿ. ಪಾದದಿಂದ ಶುರು ಮಾಡಿ. ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು 5 ಸೆಕೆಂಡ್ ಹಿಡಿದು ಬಿಡಿ. ಬೆರಳನ್ನು ಮುಂದಕ್ಕೆ ಚಾಚಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಆಮೇಲೆ ತೊಡೆ. ಹೊಟ್ಟೆಯನ್ನು ಬಿಗಿ ಮಾಡದೆ ನೇರ ಕೈಗಳಿಗೆ ಬನ್ನಿ. ಮುಷ್ಟಿ ಹಿಡಿದು ಬಿಡಿ, ಭುಜವನ್ನು ಕಿವಿಯತ್ತ ಏರಿಸಿ ಬಿಡಿ, ಕಣ್ಣು ಮುಚ್ಚಿ ಹಣೆ ಗಂಟಿಕ್ಕಿ ಬಿಡಿ. ಪ್ರತಿ ಸಲ ಬಿಟ್ಟ ಮೇಲೆ ಎರಡು ಉಸಿರಿನಷ್ಟು ಹೊತ್ತು ಸುಮ್ನೆ ಇರಿ.

ಅಂಗಾತ ಬೇಡ, ಮಗ್ಗುಲಿಗೇ ಮಲಗಿ ಎನ್ನಲು ಕಾರಣವಿದೆ. ಐದು ತಿಂಗಳು ದಾಟಿದ ಮೇಲೆ ಗರ್ಭಕೋಶದ ಭಾರವು ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ಸುತ್ತಬಹುದು. 28 ವಾರಗಳ ನಂತರ ನಿದ್ದೆಯನ್ನೂ ಮಗ್ಗುಲಲ್ಲೇ ಮಾಡಿ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮಗ್ಗುಲು ಬದಲಿಸಿದರಾಯಿತು.

ಚಿಂತೆಯನ್ನು ಬರೆದಿಡಿ

ಸಂಜೆ ಹದಿನೈದು ನಿಮಿಷ ಎತ್ತಿಡಿ. ಮಲಗುವ ಹೊತ್ತಿನಲ್ಲಿ ಬೇಡ. ಒಂದು ನೋಟ್‌ಬುಕ್‌ನಲ್ಲಿ ತಲೆಯಲ್ಲಿ ಇರುವುದನ್ನೆಲ್ಲ ಬರೆಯಿರಿ. ಆಮೇಲೆ ಒಂದೊಂದರ ಮುಂದೆಯೂ ಇದು ಯಾರ ಕೆಲಸ ಎಂದು ಗುರುತು ಹಾಕಿ.

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಅರ್ಥವಾಗದ ಪದ, ಕಬ್ಬಿಣಾಂಶದ ಮಾತ್ರೆಯಿಂದ ಮಲಬದ್ಧತೆ, ಹೆರಿಗೆ ನೋವಿನ ಭಯ. ಇವು ವೈದ್ಯರ ಪಾಲು. ಅವುಗಳಲ್ಲಿ ಮುಖ್ಯವಾದ ಮೂರನ್ನು ಚೀಟಿಯಲ್ಲಿ ಬರೆದು ತಾಯಿ ಕಾರ್ಡ್‌ನೊಳಗೆ ಇಟ್ಟುಕೊಳ್ಳಿ. ಒಪಿಡಿಯ ಗದ್ದಲದಲ್ಲಿ ಬಾಯಲ್ಲಿ ಇದ್ದದ್ದೂ ಮರೆತುಹೋಗುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಎಂದು ಹೇಳುತ್ತಾರೆ.

ರಜೆ, ಸಂಬಳದ ಚಿಂತೆ ಇದ್ದರೆ ಕಾನೂನು ತಿಳಿದುಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ನಿಯಮದಂತೆ, ಕಾನೂನಿನ ವ್ಯಾಪ್ತಿಯಲ್ಲಿರುವ ಕೆಲಸದಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಸಿಗುತ್ತದೆ. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು.

ಯಾರ ಕೈಯಲ್ಲೂ ಇಲ್ಲದ ಚಿಂತೆಗಳೂ ಉಳಿಯುತ್ತವೆ. ಅವು ರಾತ್ರಿ ಮತ್ತೆ ಎದ್ದರೆ ‘ಬರೆದಿಟ್ಟಿದ್ದೇನೆ, ನಾಳೆ ಸಂಜೆ ನೋಡೋಣ’ ಎಂದುಕೊಂಡು ಉಸಿರಿನ ಅಭ್ಯಾಸಕ್ಕೆ ಮರಳಿ.

ಮನೆಯವರು ಮಾಡಬೇಕಾದ್ದು

ಇದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಎಷ್ಟೋ ಮನೆಗಳಲ್ಲಿ ಸೀಮಂತ ಅದ್ದೂರಿಯಾಗಿ ನಡೆಯುತ್ತದೆ, ಹಸಿರು ಬಳೆ ತೊಡಿಸುತ್ತಾರೆ. ಮರುದಿನ ಅದೇ ಬಸುರಿ ಎಲ್ಲರಿಗಿಂತ ಮುಂಚೆ ಎದ್ದು ತಿಂಡಿಗೆ ನಿಲ್ಲುತ್ತಾಳೆ. ಅವಳು ಎಷ್ಟು ಪ್ರಾಣಾಯಾಮ ಮಾಡಿದರೂ ಈ ದಣಿವು ಇಳಿಯುವುದಿಲ್ಲ. ಗಂಡನಾದವನು ಕೊಡದಲ್ಲಿ ನೀರು ತರುವುದು, ಬಟ್ಟೆ, ಒಂದು ಹೊತ್ತಿನ ಅಡುಗೆಯನ್ನು ಪೂರ್ತಿ ವಹಿಸಿಕೊಳ್ಳಲಿ. ತಪಾಸಣೆಗೆ ಜೊತೆಯಲ್ಲಿ ಹೋಗಲಿ.

‘ಗಂಡೇ ಆಗಲಿ’ ಎಂಬ ಹರಕೆಯ ಮಾತು ಅವಳ ಎದುರು ಬೇಡವೇ ಬೇಡ. ಮಗು ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದು ತಂದೆಯ ವೀರ್ಯಾಣುವಿನಿಂದ. ಅದಕ್ಕೆ ತಾಯಿ ಹೊಣೆಯಲ್ಲ. ಗ್ರಹಣದ ದಿನ ಬಸುರಿಯನ್ನು ಅನ್ನ ನೀರಿಲ್ಲದೆ ಕೋಣೆಯಲ್ಲಿ ಕೂರಿಸುವುದೂ ಹೀಗೆಯೇ. ಗ್ರಹಣದಿಂದ ಹೊಟ್ಟೆಯ ಮಗುವಿಗೆ ಏನೂ ಆಗುವುದಿಲ್ಲ, ಗಂಟೆಗಟ್ಟಲೆ ಉಪವಾಸ ಇದ್ದರೆ ತಾಯಿ ಸುಸ್ತಾಗುತ್ತಾಳೆ.

ಕಷ್ಟದ ಹೆರಿಗೆಯ ಕತೆ ಹೇಳಲು ಬರುವವರಿಗೆ ‘ಚಿಕ್ಕಮ್ಮ, ಅದನ್ನ ಬಾಣಂತನ ಮುಗಿದ ಮೇಲೆ ಹೇಳಿ’ ಎನ್ನಲು ಸಂಕೋಚಪಡಬೇಡಿ. ರಾತ್ರಿ ಮೊಬೈಲ್‌ನಲ್ಲಿ ಲಕ್ಷಣಗಳನ್ನು ಹುಡುಕುವುದನ್ನೂ ನಿಲ್ಲಿಸಿ. ಕಾಫಿ ಎರಡು ಸಣ್ಣ ಲೋಟಕ್ಕೆ ಮುಗಿಯಲಿ, ಸಂಜೆಯ ನಂತರ ಬೇಡ. ವೈದ್ಯರು ವಿಶ್ರಾಂತಿ ಹೇಳಿರದಿದ್ದರೆ ದಿನಾ ಅರ್ಧ ಗಂಟೆ ಆರಾಮವಾಗಿ ನಡೆಯಿರಿ. ನಿದ್ದೆಗೆ ಅದು ಒಳ್ಳೆಯದು.

ಇದು ಟೆನ್ಷನ್ ಅಲ್ಲ

ಮಗುವಿನ ಅಲುಗಾಟ ಕಡಿಮೆಯಾದರೆ, ರಕ್ತಸ್ರಾವ ಅಥವಾ ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ ಉಸಿರಾಟದ ಅಭ್ಯಾಸ ಮಾಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಎದೆ ಡವಗುಟ್ಟುವುದು, ಸುಸ್ತು ಜಾಸ್ತಿಯಾದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಟೆನ್ಷನ್ ಎಂದು ತಳ್ಳಿಹಾಕಿದ್ದು ರಕ್ತಹೀನತೆ ಆಗಿರುತ್ತದೆ.

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಅದು ಕಾಯಿಲೆ. ಬೇರೆ ಕಾಯಿಲೆಗಳಂತೆ ಇದಕ್ಕೂ ಔಷಧಿ, ಆಪ್ತಸಲಹೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರ ಮಾನಸಿಕ ಆರೋಗ್ಯಕ್ಕೇ ಪ್ರತ್ಯೇಕ ಸೇವೆ ಇದೆ. ಮೊದಲೇ ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸಿರಾಯಿತೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ಬದಲಿಸಬೇಕು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಮಾನಸಿಕ ಆರೋಗ್ಯಕ್ಕೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಸುರಿಗೆ ತಾನೇ ಫೋನ್ ಮಾಡುವಷ್ಟೂ ಚೈತನ್ಯ ಇಲ್ಲದಿದ್ದರೆ ಗಂಡನೋ ತಾಯಿಯೋ ಪಕ್ಕದಲ್ಲಿ ಕೂತು ಕರೆ ಮಾಡಿ, ಫೋನನ್ನು ಅವಳ ಕೈಗೆ ಕೊಡಬಹುದು.