ವಾರ್ಡನ್ನು ಮನೆಗೆ ಹೊತ್ತು ತರುತ್ತಿದ್ದ ದಿನಗಳು

ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ, ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ನೆನಪಾಗುತ್ತಿತ್ತು: ನಾಲ್ಕನೇ ಹಾಸಿಗೆಯವರ ಪೊಟ್ಯಾಸಿಯಂ ವರದಿ ಬಂದದ್ದನ್ನು ಬೆಳಗಿನ ಪಾಳಿಯವರಿಗೆ ಹೇಳಿದೆನೇ? ಎದ್ದು ಫೋನ್ ಮಾಡುತ್ತಿದ್ದೆ. ಹೇಳಿಯೇ ಇರುತ್ತಿದ್ದೆ. ನಿದ್ದೆ ಮಾತ್ರ ಅಷ್ಟರಲ್ಲಿ ಹಾರಿಹೋಗಿರುತ್ತಿತ್ತು.

ಐಸಿಯುವಿನಲ್ಲಿ ನರ್ಸ್ ಆಗಿ ನನಗೆ ಹನ್ನೊಂದು ವರ್ಷ. ರೋಗಿಗಳ ಸಾವನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅರ್ಧಕ್ಕೇ ಬಿಟ್ಟು ಬಂದ ಕೆಲಸಗಳು ನನ್ನನ್ನು ಹಣ್ಣು ಮಾಡುತ್ತಿದ್ದವು. ಒಂದು ರಾತ್ರಿ, ಎರಡನೇ ಸಲ ನೀರು ಕೇಳಿದ ಅಜ್ಜಿಯೊಬ್ಬರ ಮೇಲೆ ರೇಗಿಬಿಟ್ಟೆ. ಅವರು ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನು ಇವತ್ತಿಗೂ ಕಣ್ಣ ಮುಂದಿದೆ.

ಒತ್ತಡ ತಗ್ಗಲೆಂದು ಆಸ್ಪತ್ರೆಯವರು ನಮಗೆ ಉಸಿರಾಟದ ತರಬೇತಿ ಕೊಡಿಸಿದರು. ಐದು ನಿಮಿಷ ಕೂರಲು ಪುರುಸೊತ್ತಿಲ್ಲದವಳು ಯಾವಾಗ ಅದನ್ನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿದುಹೋಗುವುದು, ರೋಗವಲ್ಲವೆಂದೂ, ಕೆಲಸದ ಜಾಗದಲ್ಲಿ ಬಹುಕಾಲ ಹಾಗೆಯೇ ಉಳಿದ ಒತ್ತಡದ ಫಲವೆಂದೂ ಹೇಳಿತು. ಅದನ್ನು ಓದಿದ ದಿನ ನನ್ನನ್ನೇ ಹಳಿದುಕೊಳ್ಳುವುದನ್ನು ನಿಲ್ಲಿಸಿದೆ.

ಮೊದಲು ಬದಲಿಸಿದ್ದು ಹ್ಯಾಂಡೋವರ್, ಅಂದರೆ ಪಾಳಿ ಮುಗಿದಾಗ ರೋಗಿಗಳ ವಿವರವನ್ನು ಮುಂದಿನವರಿಗೆ ಒಪ್ಪಿಸುವ ರೀತಿ. ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ಬಾಯಿಮಾತಿನಲ್ಲಿ ಒಪ್ಪಿಸುವುದನ್ನು ಬಿಟ್ಟು, ರೋಗಿಯ ಹಾಸಿಗೆಯ ಪಕ್ಕದಲ್ಲೇ ಒಪ್ಪಿಸತೊಡಗಿದೆ. ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಮುಂದೆ ಆಗಬೇಕಾದದ್ದು. ಹೇಳಿದ್ದಕ್ಕೆಲ್ಲ ಗೆರೆ ಎಳೆಯುತ್ತೇನೆ. ಬಟ್ಟೆ ಬದಲಿಸುವ ಮುನ್ನ ಹಾಳೆಯನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕುತ್ತೇನೆ. ಮನೆಯಿಂದ ಫೋನ್ ಮಾಡುವುದು ಒಂದೇ ತಿಂಗಳಲ್ಲಿ ನಿಂತಿತು.

ಆಮೇಲೆ ಪಾಳಿಯ ಪಟ್ಟಿ. ರಾತ್ರಿ, ಮಧ್ಯಾಹ್ನ, ಬೆಳಗ್ಗೆ ಎಂದು ಹಿಮ್ಮುಖವಾಗಿ ಸುತ್ತುತ್ತಿತ್ತು. ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದಕ್ಕೆ ದೇಹ ಸುಲಭವಾಗಿ ಒಗ್ಗುತ್ತದೆ. "ಸಿಸ್ಟರ್, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಎರಡು ತಿಂಗಳು ಹಾಕಿ ನೋಡೋಣವೇ?" ಎಂದು ಇನ್‌ಚಾರ್ಜ್ ಸಿಸ್ಟರನ್ನು ಕೇಳಿದೆ. ಒಪ್ಪಿದರು. ಹಳೆಯ ಪಟ್ಟಿಗೆ ಮರಳೋಣವೆಂದು ಆಮೇಲೆ ಯಾರೂ ಕೇಳಲಿಲ್ಲ.

ಒಬ್ಬರೇ ಮೂವರು ಗಂಭೀರ ರೋಗಿಗಳನ್ನು ನೋಡಿಕೊಳ್ಳಬೇಕಾದ ರಾತ್ರಿಗಳು ಈಗಲೂ ಬರುತ್ತವೆ. ಅಂಥ ರಾತ್ರಿ ಆಗದೆ ಉಳಿದದ್ದನ್ನು ಆಗಲಿಲ್ಲವೆಂದೇ ಬರೆದಿಡುತ್ತೇನೆ: "ಸಿಬ್ಬಂದಿ ಸಾಲದೆ ನಾಲ್ಕು ಗಂಟೆಗೆ ಮಗ್ಗುಲು ಬದಲಿಸಲಾಗಲಿಲ್ಲ." ಮೊದಲು ಹಾಗೆ ಬರೆಯಲು ಕೈ ನಡುಗುತ್ತಿತ್ತು. ಈಗ ಇನ್‌ಚಾರ್ಜ್ ಸಿಸ್ಟರ್ ತಿಂಗಳ ಕೊನೆಗೆ ಅಂಥ ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ಆಡಳಿತದವರ ಮೇಜಿನ ಮೇಲಿಡುತ್ತಾರೆ.